ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ಯಾಕೆ ನೋಯುತ್ತದೆ?

ಪ್ರಶ್ನೆ: ನನಗೆ 47 ವರ್ಷ. ಶಿಕ್ಷಕಿ. ದಿನಕ್ಕೆ ಐದಾರು ಗಂಟೆ ನಿಂತೇ ಪಾಠ ಮಾಡುತ್ತೇನೆ. ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದು ಬಲಗಾಲು ನೆಲಕ್ಕೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತದೆ. ಒಂದಿಷ್ಟು ಹೆಜ್ಜೆ ಕುಂಟಿದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಸಂಜೆ ಕೂತು ಎದ್ದಾಗ ಮತ್ತೆ ಶುರು. ಎಕ್ಸ್‌ರೇ ತೆಗೆಸಿದೆ. ಮೂಳೆ ಮುಳ್ಳಿನ ಹಾಗೆ ಬೆಳೆದಿದೆ ಎಂದರು. ಆಪರೇಷನ್ ಮಾಡಿಸಬೇಕಾ? ಅಥವಾ ರಜೆ ಹಾಕಿ ಕಾಲಿಗೆ ಪೂರ್ತಿ ವಿಶ್ರಾಂತಿ ಕೊಡಲಾ?

ಉತ್ತರ: ಮೊದಲು ಆ ಮುಳ್ಳಿನ ಭಯ ಬಿಟ್ಟುಬಿಡಿ. ಅದು ಕೆಳಗಿನಿಂದ ಚುಚ್ಚುತ್ತಿದೆ ಎಂದು ನೀವು ಅಂದುಕೊಂಡಿರಬೇಕು, ಅಲ್ವಾ? ಎಕ್ಸ್‌ರೇಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಮುಳ್ಳಿನ ತುದಿ ನೆಲದ ಕಡೆಗೆ ಇರುವುದಿಲ್ಲ, ಬೆರಳುಗಳ ಕಡೆಗೆ ಚಾಚಿರುತ್ತದೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇಂಥ ಮುಳ್ಳು ಇರುತ್ತದೆ. ನೋವು ಹೋದ ಮೇಲೂ ಅದು ಹಾಗೇ ಉಳಿಯುತ್ತದೆ. ಅದನ್ನು ತೆಗೆಸುವ ಯೋಚನೆ ಈಗ ಬೇಡ.

ನೀವು ಬರೆದಿರುವುದನ್ನು ಓದಿದರೆ ಇದು ಪ್ಲಾಂಟರ್ ಫೇಸಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ಉರಿಯೂತ, ಇರಬಹುದು ಅನಿಸುತ್ತದೆ. ಹಿಮ್ಮಡಿಯ ಅಡಿಯಲ್ಲಿ, ಒಳಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಹೆಬ್ಬೆರಳಿನಿಂದ ಒತ್ತಿ. 'ಅಲ್ಲೇ, ಅಲ್ಲೇ' ಎನ್ನುವಂಥ ಜಾಗ ಸಿಕ್ಕರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಅಂಗಾಲಿನ ಕಮಾನು ಕುಸಿಯದಂತೆ ಹಿಡಿದಿಡುವುದು ಇದೇ. ವರ್ಷಗಟ್ಟಲೆ ನಿಂತು, ನಡೆದು, ಅದು ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ಸವೆಯುತ್ತದೆ. ಹೆಸರಿನಲ್ಲಿ ಉರಿಯೂತ ಇದ್ದರೂ, ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ಸವೆತವೇ ಜಾಸ್ತಿ. ನೋವಿನ ಮಾತ್ರೆಯಿಂದ ನಾಲ್ಕು ದಿನ ಹಾಯೆನಿಸಿ ಮತ್ತೆ ನೋವು ಬರುವುದು ಇದಕ್ಕೇ.

ಇನ್ನು ಬೆಳಿಗ್ಗೆಯೇ ಯಾಕೆ? ಮಲಗಿದಾಗ ಪಾದ ಮುಂದಕ್ಕೆ ಜೋತುಬೀಳುತ್ತದೆ. ಆರೇಳು ಗಂಟೆ ಆ ಪಟ್ಟಿ ಸಡಿಲವಾಗಿ, ಗಿಡ್ಡವಾಗಿ ಇರುತ್ತದೆ. ನೀವು ಎದ್ದು ನಿಂತ ಕೂಡಲೇ ಇಡೀ ಮೈಭಾರ ಬಿದ್ದು ಅದನ್ನು ಒಮ್ಮೆಲೇ ಎಳೆಯುತ್ತದೆ. ಸಂಜೆ ಕುರ್ಚಿಯಿಂದ ಏಳುವಾಗ ಆಗುವುದೂ ಇದೇ.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಮೊದಲ ಮಾತು: ಪಾದ ನೆಲಕ್ಕೆ ತಾಗುವ ಮುಂಚೆ ಪಟ್ಟಿಯನ್ನು ಎಬ್ಬಿಸಿ. ಹಾಸಿಗೆಯ ಅಂಚಿನಲ್ಲಿ ಕೂತು ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಒಂದು ಕೈಯಿಂದ ಐದೂ ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿ ನೋಡಿ. ಪಟ್ಟಿ ತಂತಿಯ ಹಾಗೆ ಬಿಗಿಯಾಗಿರಬೇಕು. ಬಿಗಿಯಾಗದಿದ್ದರೆ ನೀವು ಸುಮ್ನೆ ಬೆರಳು ಮಡಚುತ್ತಿದ್ದೀರಿ ಅಂತ ಅರ್ಥ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ 10 ಸಲ. ಎರಡು ಮೂರು ನಿಮಿಷವಾಗುತ್ತದೆ. ದಿನಕ್ಕೆ ಮೂರು ಬಾರಿ ಮಾಡಿ. ತುಂಬಾ ಹೊತ್ತು ಕೂತಿದ್ದರೆ ಏಳುವ ಮುಂಚೆಯೂ ಮಾಡಿ.

ನನಗೂ ಈ ನೋವು ಬಂದಿತ್ತು, ಎಡಗಾಲಿಗೆ. ಮನೆ ಬದಲಾಯಿಸುವಾಗ ಎರಡು ವಾರ ಬರಿಗಾಲಲ್ಲೇ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ ಇಳಿದಿದ್ದೆ. ಅಷ್ಟು ಹೊತ್ತಿಗಾಗಲೇ 15 ವರ್ಷ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡಿದ್ದೆ. ಆದರೂ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಕಷ್ಟ ಏನೆಂದು ತಿಳಿದದ್ದು ಆಗಲೇ. ದಿನಾ ಬೆಳಿಗ್ಗೆ ನೋವಿಗೆ ಹತ್ತಕ್ಕೆ ಎಷ್ಟು ಎಂದು ಅಂಕ ಕೊಟ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮೊದಲ ತಿಂಗಳು ಏಳು, ಏಳು, ಆರು, ಏಳು. ಆ ಪುಟ ನೋಡಿದಾಗಲೆಲ್ಲ ಬಿಟ್ಟುಬಿಡೋಣ ಅನಿಸುತ್ತಿತ್ತು. ಹನ್ನೊಂದನೇ ವಾರ ಒಂದು ದಿನ ಅಡುಗೆಮನೆಗೆ ಹೋಗಿ ನಿಂತ ಮೇಲೆ ನೆನಪಾಯಿತು, ಇವತ್ತು ಕುಂಟಲೇ ಇಲ್ಲ ಅಂತ. ನೀವೂ ಹೀಗೆ ಬರೆದಿಡಿ. ಈ ನೋವು ವಾರದಲ್ಲಿ ಹೋಗುವುದಿಲ್ಲ, ತಿಂಗಳುಗಳು ಬೇಕು. ಆದರೆ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ.

ಪೂರ್ತಿ ವಿಶ್ರಾಂತಿ ಬೇಡ. ಮಲಗಿಸಿಟ್ಟ ಪಟ್ಟಿ ಇನ್ನಷ್ಟು ದುರ್ಬಲವಾಗುತ್ತದೆ. ಅದಕ್ಕೆ ಭಾರ ಹೊರುವುದನ್ನು ನಿಧಾನವಾಗಿ ಮತ್ತೆ ಕಲಿಸಬೇಕು. ಒಂದು ಟವೆಲ್ ಸುತ್ತಿ ಮೆಟ್ಟಿಲ ಅಂಚಿನಲ್ಲಿಟ್ಟು, ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗುವಂತೆ ನಿಲ್ಲಿ. ಕೈಗೆ ಆಸರೆ ಇರಲಿ. ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ಮೇಲೇ ನಿಲ್ಲಿ, ಮೂರು ಎಣಿಸುತ್ತಾ ಇಳಿಸಿ. 12 ಸಲ ಮಾಡಿದರೆ ಒಂದು ಸುತ್ತು. ಅಂಥ ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ ಮಾಡಿ, ಹಗುರ ಅನಿಸಿದ ಮೇಲೆ ನೋವಿರುವ ಕಾಲೊಂದರಲ್ಲೇ. ಆಮೇಲೆ ಬೆನ್ನಿಗೆ ಒಂದು ಬ್ಯಾಗ್ ಹಾಕಿ ಅದರೊಳಗೆ ಒಂದೊಂದೇ ಪುಸ್ತಕ ಸೇರಿಸುತ್ತಾ ಹೋಗಿ. ಡೆನ್ಮಾರ್ಕಿನಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಇದನ್ನು ಮಾಡಿದವರು ಮೂರು ತಿಂಗಳಲ್ಲಿ ಜಾಸ್ತಿ ಸುಧಾರಿಸಿದ್ದರು. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ಬೆಳಿಗ್ಗೆ ನೋವು ಏರಿದ್ದರೆ ಮಾತ್ರ ಭಾರ ಇಳಿಸಿ.

ಮೀನಖಂಡ ಬಿಗಿಯಾಗಿದ್ದರೂ ಹಿಮ್ಮಡಿಯ ಮೇಲೆ ಎಳೆತ ಬೀಳುತ್ತದೆ. ಗೋಡೆಗೆ ಕೈ ಕೊಟ್ಟು, ಕಾಲು ಹಿಂದಕ್ಕಿಟ್ಟು, ಹಿಮ್ಮಡಿ ನೆಲ ಬಿಡದಂತೆ 30 ಸೆಕೆಂಡ್ ಬಾಗಿ ನಿಲ್ಲಿ. ತರಗತಿಯಲ್ಲೂ ಇದನ್ನು ಮಾಡಬಹುದು. ಅಲ್ಲೊಂದು ಸ್ಟೂಲ್ ಇಟ್ಟುಕೊಂಡು ಆಗಾಗ ಕೂರಿ.

ಚಪ್ಪಲಿ ಮನೆಯೊಳಗೂ ಇರಲಿ, ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ. ನಿಮ್ಮ ಶೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬೆರಳಿನ ಹತ್ತಿರ ಬಾಗಬೇಕು. ನಡುವೆ ಬಟ್ಟೆಯ ಹಾಗೆ ಮಡಚಿಕೊಂಡರೆ ಅದನ್ನು ಪಕ್ಕಕ್ಕಿಡಿ. ಹಿಮ್ಮಡಿಯಡಿ ಮೆತ್ತನೆಯ ಸಿಲಿಕೋನ್ ಪ್ಯಾಡ್ ಹಾಕಿದರೆ ನಿಲ್ಲುವುದು ಸುಲಭವಾಗುತ್ತದೆ. ಮೈತೂಕ ಜಾಸ್ತಿ ಇದ್ದರೆ ಅದು ಇಳಿದಷ್ಟೂ ಒಳ್ಳೆಯದು.

ಸ್ಟೀರಾಯ್ಡ್ ಇಂಜೆಕ್ಷನ್ ಬೇಕೆಂದು ವೈದ್ಯರ ಬಳಿ ಓಡಬೇಡಿ. ಅದರ ಆರಾಮ ಕೆಲವು ವಾರಗಳದ್ದು. ಪದೇ ಪದೇ ಕೊಟ್ಟರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ.

ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅದುಮಿದಾಗ ಜೋರು ನೋವಾದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಜೋಮು, ಉರಿ ಇದ್ದರೆ ನರದ ತೊಂದರೆ ಇರಬಹುದು. ಇವುಗಳಲ್ಲಿ ಯಾವುದೇ ಇದ್ದರೂ, ಅಥವಾ ಮಲಗಿದ್ದಾಗಲೂ ನೋವು, ಊತ, ಜ್ವರ ಇದ್ದರೂ ಕಾಯದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಇದೇ ನೋವಿಗೆ ಐಸ್ ಇಡಬೇಕಾ, ಬಿಸಿ ನೀರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಸಂಜೆ ನೋವು ಕೆಣಕಿದಾಗ ನೀರು ತುಂಬಿಸಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿ. ಬಿಸಿ ನೀರು ಹಿತವೆನಿಸಿದರೆ ಅದೂ ಸರಿ. ಎರಡೂ ಆ ಹೊತ್ತಿನ ಆರಾಮಕ್ಕೆ ಮಾತ್ರ, ವ್ಯಾಯಾಮ ಬಿಡಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಐಸೂ ಬೇಡ, ಬಿಸಿಯೂ ಬೇಡ. ಸುಟ್ಟರೂ ತಿಳಿಯುವುದಿಲ್ಲ.

ಪ್ರಶ್ನೆ: ನನಗೆ 24 ವರ್ಷ. ಎರಡೂ ಹಿಮ್ಮಡಿ ನೋಯುತ್ತವೆ. ಬೆಳಿಗ್ಗೆ ಸೊಂಟವೂ ಹಿಡಿದುಕೊಂಡಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. ಶೂ ಬದಲಾಯಿಸಿದರೆ ಸಾಕಾ?

ಉತ್ತರ: ಸಾಲದು. ಚಿಕ್ಕ ವಯಸ್ಸು, ಎರಡೂ ಹಿಮ್ಮಡಿ, ಜೊತೆಗೆ ಬೆಳಗಿನ ಸೊಂಟದ ಬಿಗಿತ. ಈ ಮೂರೂ ಸೇರಿದಾಗ ಬೆನ್ನುಮೂಳೆಯ ಒಂದು ಬಗೆಯ ವಾತರೋಗವನ್ನು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ, ನೋಡಲೇಬೇಕು. ಅದೇ ಆಗಿರಬೇಕೆಂದಿಲ್ಲ. ಆದರೆ ಅದಕ್ಕೆ ಒಳ್ಳೆಯ ಔಷಧಗಳಿವೆ, ಬೇಗ ಗೊತ್ತಾದಷ್ಟೂ ಲಾಭ. ಈ ವಾರವೇ ರುಮಟಾಲಜಿಸ್ಟ್, ಅಂದರೆ ವಾತರೋಗದ ತಜ್ಞ ವೈದ್ಯರು, ಒಬ್ಬರನ್ನು ಕಾಣಿ. ಹಿಮ್ಮಡಿಯ ವಿಷಯ ಮಾತ್ರ ಹೇಳಿ ಬರಬೇಡಿ. ಸೊಂಟದ ಬಿಗಿತ ಎಷ್ಟು ನಿಮಿಷ ಇರುತ್ತದೆ, ಯಾವಾಗಿನಿಂದ ಇದೆ, ಕಣ್ಣು ಕೆಂಪಾಗಿ ನೋಯ್ದದ್ದು ಉಂಟಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ, ಇದೆಲ್ಲವನ್ನೂ ಬರೆದುಕೊಂಡು ಹೋಗಿ.