ಆರಾಧನೆಯ ನಡುವೆ ಮಗು ಅತ್ತರೆ

ಪ್ರಶ್ನೆ: ಚರ್ಚಿನಲ್ಲಿ ಒಂದೂವರೆ ವರ್ಷದ ಮಗ ಪ್ರಸಂಗ (ಪಾದ್ರಿಯ ಉಪದೇಶ) ಶುರುವಾಗುತ್ತಲೇ ರಾಗ ತೆಗೆಯುತ್ತಾನೆ. ಕೊನೆಯ ಬೆಂಚಿನಲ್ಲಿ ಕೂತರೂ ಜನ ತಿರುಗಿ ನೋಡುತ್ತಾರೆ. ಏನು ಮಾಡಲಿ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಆ ಕೊನೆಯ ಬೆಂಚು ಬಿಡಿ. ಅಲ್ಲಿ ಮಗುವಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ, ಬೇಸರವಾಗದೆ ಇನ್ನೇನು? ಮುಂದಿನಿಂದ ಎರಡನೆಯ ಇಲ್ಲವೇ ಮೂರನೆಯ ಸಾಲಿನಲ್ಲಿ, ಪಕ್ಕದ ಬಾಗಿಲಿಗೆ ಹತ್ತಿರದ ತುದಿ ಹಿಡಿಯಿರಿ. ಗಾಯಕರು, ಮೇಜು, ಕಾಣಿಕೆ ತಟ್ಟೆ ಎಲ್ಲ ಕಾಣುತ್ತವೆ. ಏಳಬೇಕಾದಾಗ ಯಾರ ಮೊಣಕಾಲನ್ನೂ ದಾಟಬೇಕಿಲ್ಲ. ಚೀಲದಲ್ಲಿ ಬಟ್ಟೆಯ ಪುಸ್ತಕ, ಉರುಳದ ಮೂರು ಮೂಲೆಯ ಕ್ರೆಯಾನ್, ಹೆಚ್ಚಿದ ಬಾಳೆಹಣ್ಣು ಇರಲಿ. ಬಿಸ್ಕತ್ತಾದರೆ ಪೊಟ್ಟಣವನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಹಾಕಿ. ಮೌನ ಪ್ರಾರ್ಥನೆಯಲ್ಲಿ ಆ ಚರಪರ ಸದ್ದು ಮಗುವಿನ ತೊದಲಿಗಿಂತ ಜೋರು.

ಗುನುಗಿಗೆ, ‘ಅದೇನು?’ ಎಂಬ ಪ್ರಶ್ನೆಗೆ ಹೊರಗೆ ಓಡಬೇಡಿ. ಅಳು ಒಂದು ನಿಮಿಷ ದಾಟಿಯೂ ಏರುತ್ತಿದ್ದರೆ ಎದ್ದು ಹೋಗಿ, ತಣ್ಣಗಾದ ಕೂಡಲೇ ಮರಳಿ ಬನ್ನಿ. ಹೊರಗೆ ಮೊಬೈಲ್ ಕೈಗಿಟ್ಟಿರೋ, ಅತ್ತರೆ ಲಾಭವಿದೆ ಎಂದು ಅವನು ಬಲುಬೇಗ ಕಲಿಯುತ್ತಾನೆ.

ಪ್ರಶ್ನೆ: ಮಕ್ಕಳ ಗದ್ದಲದಲ್ಲಿ ಹಿರಿಯರಿಗೆ ಪ್ರಸಂಗ ಕೇಳಿಸುವುದಿಲ್ಲ. ತಾಯಂದಿರಿಗೆ ಗಾಜಿನ ಕೋಣೆ ಕಟ್ಟಿಸೋಣವೆ? — ಸಭಾ ಸಮಿತಿ ಸದಸ್ಯರು, ಮಂಗಳೂರು

ಉತ್ತರ: ಗಾಜಿಗೆ ದುಡ್ಡು ಸುರಿಯುವ ಮುಂಚೆ ಮೈಕ್ ನೋಡಿ. ಅಳು ಕಿವಿಗೆ ಚುಚ್ಚುವುದು ಹೆಚ್ಚಾಗಿ 1ರಿಂದ 4 ಕಿಲೋಹರ್ಟ್ಸ್ ನಡುವೆ. ಮಾತಿನ ವ್ಯಂಜನಗಳನ್ನು ಬಿಡಿಸಿ ಕೇಳಿಸುವ ಭಾಗವೂ ಬಹುಮಟ್ಟಿಗೆ ಅದೇ. ವಯಸ್ಸಾದ ಕಿವಿ ಮೊದಲು ಮಂದವಾಗುವುದೂ ಎತ್ತರದ ಸ್ಥಾಯಿಯ ಸದ್ದುಗಳಿಗೇ. ಹೀಗಾಗಿ ಹಿರಿಯರಿಗೆ ದನಿ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಗಾರೆ ಗೋಡೆಗಳು ಇನ್ನಷ್ಟು ಮೊಳಗಿ ಮಾತು ಕಲಸಿಹೋಗುತ್ತದೆ. ಮೈಕ್ ಪ್ರಸಂಗಿಯ ಬಾಯಿಂದ 60 ಸೆಂ.ಮೀ. ದೂರವಿದ್ದರೆ 15ಕ್ಕೆ ತನ್ನಿ. ದೂರ ಅರ್ಧಕ್ಕಿಳಿದಾಗಲೆಲ್ಲ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಎರಡು ಸಲ ಅರ್ಧವಾದರೆ 12. ಸ್ಪೀಕರುಗಳು ಛಾವಣಿಯತ್ತ ಅಲ್ಲ, ಕೂತವರ ಕಿವಿಯತ್ತ ಬಾಗಿರಲಿ.

ಕೋಣೆ ಹಾಲೂಡಿಸಲು, ಮಲಗಿಸಲು ಒಳ್ಳೆಯದೇ. ಆದರೆ ಮಕ್ಕಳಿರುವವರೆಲ್ಲ ಅಲ್ಲಿಗೇ ಎಂದು ನಿಯಮ ಮಾಡಿದರೆ ಮೂರನೇ ವಾರಕ್ಕೆ ಅದು ಹರಟೆಯ ಕಟ್ಟೆ. ಅಂದಹಾಗೆ, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಿನ ಮಗುವಿನ ಹೊಣೆಯಲ್ಲಿ ತನ್ನ ಪಾಲೂ ಇದೆಯೆಂದು ಇಡೀ ಸಭೆ ಒಪ್ಪಿರುತ್ತದೆ. ತಿರುಗಿ ನೋಡುವವರಿಗೆ ಅದನ್ನು ನೆನಪಿಸುವ ಕೆಲಸ ತಾಯಿಯದಲ್ಲ, ಸಭಾಪಾಲಕರದು.

ಪ್ರಶ್ನೆ: ಮಕ್ಕಳ ಭಾನುವಾರ ಬಿಟ್ಟರೆ ಆರಾಧನೆಯಲ್ಲಿ ಮಕ್ಕಳಿಗೆ ಕೆಲಸವೇ ಇಲ್ಲ. ಏನು ಕೊಡಬಹುದು? — ಸಂಡೇ ಸ್ಕೂಲ್ ಶಿಕ್ಷಕಿ, ಬೆಂಗಳೂರು

ಉತ್ತರ: ಹೊಸದೇನೂ ಬೇಡ. 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ ಮೇಲೆ 1950ರಲ್ಲಿ ಬಂದ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಕ್ರಮದಲ್ಲೇ ಸಭೆ ಉತ್ತರ ಕೊಡುವ ಮಾತುಗಳು ಧಾರಾಳವಾಗಿವೆ. ಕೈಯಿಂದ ಕೈಗೆ ಸಮಾಧಾನದ ಹಾರೈಕೆ ದಾಟಿಸುವುದೂ ಇದೆ. ನಾಲ್ಕು ವರ್ಷದ ಮಗುವಿಗೆ ಇಷ್ಟು ಸಾಕು. ಓದು ಬಾರದವರಿಗೆ ತಿಂಗಳಿಗೊಂದೇ ಉತ್ತರ ಬಾಯಿಪಾಠ ಮಾಡಿಸಿ.

ಹಾಡಿನಲ್ಲಿ ಮಕ್ಕಳು ಸುಮ್ಮನಾದರೆ ಶ್ರುತಿ ನೋಡಿ. ಗಂಡಸರಿಗೆಂದು ಇಳಿಸಿದ ಶ್ರುತಿಯಲ್ಲಿ ಕೆಳಗಿನ ಸ್ವರಗಳು ಅವರ ಗಂಟಲಿಗೆ ದಕ್ಕುವುದಿಲ್ಲ. ಹಾರ್ಮೋನಿಯಂನಲ್ಲಿ ನಡು ಸಪ್ತಕದ ಬಿಳಿ ಒಂದರಿಂದ (ಸಿ ಸ್ವರ) ಮೇಲಿನ ಬಿಳಿ ಒಂದರೊಳಗೆ ಧಾಟಿ ನಿಲ್ಲಲಿ.

ಹತ್ತು ವರ್ಷ ದಾಟಿದವರಿಗೆ ವೇದಪಾಠದ (ಬೈಬಲ್ ಭಾಗದ) ಓದು ಕೊಡಿ: ಆರೆಂಟು ವಚನ ಸಾಕು, ವಚನದ ಸಂಖ್ಯೆ ಓದಬಾರದು. ವಾರ ಮೊದಲೇ ಹಾಳೆ ಕೊಡಿ. ‘ನೆಬೂಕದ್ನೆಚ್ಚರ’ನಂಥ ಹೆಸರು ಬಂದರೆ ಪೆನ್ಸಿಲಿನಲ್ಲಿ ಬಿಡಿಸಿ ಬರೆದುಕೊಡಿ. ಶನಿವಾರ ಸಂಜೆ ಅದೇ ಪೀಠದಲ್ಲಿ, ಅದೇ ಮೈಕಿನಲ್ಲಿ ಎರಡು ಸಲ ಓದಿಸಿ, ಮಗುವಿನ ಎತ್ತರಕ್ಕೆ ಸ್ಟ್ಯಾಂಡ್ ಎಲ್ಲಿ ನಿಲ್ಲಬೇಕೋ ಅಲ್ಲಿ ಟೇಪ್ ಅಂಟಿಸಿಡಿ.