ಟ್ಯೂಬ್ ಹಾಕಿದರೂ ಮರುಕಳಿಸುವ ಕೆಚ್ಚಲು ಬಾವು

ಪ್ರಶ್ನೆ: ನಮ್ಮ ಎಚ್‌ಎಫ್ ಹಸು ಮೂರನೇ ಸೂಲಿನದು. ಹಿಂಬದಿಯ ಬಲ ಮೊಲೆಗೆ ಮೂರು ತಿಂಗಳಲ್ಲಿ ಮೂರು ಸಲ ಬಾವು ಬಂತು. ಟ್ಯೂಬ್ (ಮೊಲೆಯೊಳಗೆ ಬಿಡುವ ಔಷಧಿ) ಹಾಕಿಸಿದರೆ ಎರಡು ದಿನಕ್ಕೆ ಹಾಲು ತಿಳಿಯಾಗುತ್ತದೆ, ಆಮೇಲೆ ಹಾಲಿನಲ್ಲಿ ಮತ್ತೆ ಗಡ್ಡೆ. ಇನ್ನೂ ‘ಪವರ್’ ಇರುವ ಇಂಜೆಕ್ಷನ್ ಕೊಡಿಸಬೇಕೇ?

ಉತ್ತರ: ಬೇಡ. ಮೊದಲು ಆ ಮೊಲೆಯ ಹಾಲನ್ನು ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವುದು) ಮತ್ತು ಸೆನ್ಸಿಟಿವಿಟಿ (ಅದು ಯಾವ ಔಷಧಿಗೆ ಬಗ್ಗುತ್ತದೆಂದು ನೋಡುವುದು) ಪರೀಕ್ಷೆಗೆ ಕಳಿಸಿ.

ಒಂದೇ ಮೊಲೆಗೆ ಹೀಗೆ ಮರುಕಳಿಸಿದರೆ ಮೊದಲ ಅನುಮಾನ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮೇಲೆ. ಇದರ ಎಷ್ಟೋ ತಳಿಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವದಿಂದ ಪೆನಿಸಿಲಿನ್ನನ್ನೇ ಒಡೆದುಹಾಕುತ್ತವೆ. ಅದಲ್ಲದೆ ಕೆಚ್ಚಲಿನೊಳಗೆ ಸಣ್ಣ ಕೀವುಗೂಡು ಕಟ್ಟಿಕೊಂಡು, ಅಂಟುಪೊರೆ ಹೊದ್ದು ಕೂರುತ್ತವೆ. ಹೀಗಾಗಿ ವರದಿಯಲ್ಲಿ ‘ಸೆನ್ಸಿಟಿವ್’ ಎಂದು ಬಂದ ಔಷಧಿಯೂ ಹಳೆಯ ಬಾವಿನಲ್ಲಿ ಸೋಲಬಹುದು. ಔಷಧಿ ನಾಟದ್ದಕ್ಕೆಲ್ಲ ಪ್ರತಿರೋಧವೇ ಕಾರಣವಲ್ಲ: ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಮೇಲೆ ಸಾದಾ ಪೆನಿಸಿಲಿನ್ ಹುಟ್ಟಿನಿಂದಲೇ ನಡೆಯದು, ಯೀಸ್ಟ್ ಎಂಬ ಶಿಲೀಂಧ್ರ ಸೇರಿದ್ದರೆ ಯಾವ ಆ್ಯಂಟಿಬಯೋಟಿಕ್ಕೂ ನಡೆಯದು. ರೋಗಾಣು ಯಾವುದೆಂದು ತಿಳಿಯದೆ ‘ಪವರ್’ ಲೆಕ್ಕ ಹಾಕುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಮಾದರಿ ಕೆಟ್ಟರೆ ವರದಿಯೂ ಕೆಟ್ಟಂತೆ. ಔಷಧಿ ಕೊಡುವ ಮೊದಲೇ ಹಾಲು ತೆಗೆಯಿರಿ. ಮೊಲೆ ತೊಳೆದು ಪೂರ್ತಿ ಒರೆಸಿ. ಒದ್ದೆ ಇದ್ದರೆ ಸಗಣಿ ನೀರು ಶೀಶೆಗಿಳಿದು, ಬರೀ ಕಲಬೆರಕೆ ಎಂಬ ವರದಿ ಬರುತ್ತದೆ. ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಬಿಡಿ. ಶೇ 70ರ ಆಲ್ಕೋಹಾಲ್ ಹತ್ತಿಯಿಂದ ಮೊಲೆತುದಿಯನ್ನು, ಹತ್ತಿ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿ. ಸ್ಟೆರೈಲ್ ಶೀಶೆಯನ್ನು ಓರೆಯಾಗಿ ಹಿಡಿದು 3ರಿಂದ 5 ಮಿ.ಲೀ. ಹಿಂಡಿ, ಮುಚ್ಚಳದ ಒಳಬದಿಗೆ ಬೆರಳು ತಾಗಬಾರದು. ಹಸುವಿನ ಗುರುತು, ಮೊಲೆ, ದಿನಾಂಕ ಬರೆದು, ಐಸ್ ಜೊತೆಗಿಟ್ಟು 24 ಗಂಟೆಯೊಳಗೆ ತಲುಪಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ನಿಮಗೆ ಹತ್ತಿರದ ಪ್ರಯೋಗಾಲಯ ಯಾವುದೆಂದು ಪಶುವೈದ್ಯರನ್ನು ಕೇಳಿ. ವರದಿಗೆ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲು ನೀರಾದರೆ ಕಾಯಬೇಡಿ, ವೈದ್ಯರನ್ನು ಕರೆಸಿ.

ಆರಿಯಸ್ ಎಂದೇ ತಿಳಿದರೆ ಆ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಿ. ಕೈ, ಬಟ್ಟೆ, ಹಾಲು ಹಿಂಡುವ ಯಂತ್ರದ ಲೈನರ್‌ಗಳೇ (ಮೊಲೆಗೆ ತೊಡಿಸುವ ಕೊಳವೆಗಳು) ಅದನ್ನು ಕೊಟ್ಟಿಗೆಯೆಲ್ಲ ಹರಡುವುದು. ಕೆಚ್ಚಲು ಗಟ್ಟಿಯಾಗಿದ್ದರೆ ಆ ಒಂದು ಮೊಲೆಯನ್ನು ಬತ್ತಿಸುವುದೇ ಅಗ್ಗ.

ಪ್ರಶ್ನೆ: ಒಂದೇ ಟ್ಯೂಬನ್ನು ಎರಡು ಮೊಲೆಗೆ ಹಂಚಬಹುದೇ? ಹಾಲು ಸರಿಯಾದ ಮೇಲೆ ಉಳಿದ ಟ್ಯೂಬ್ ಏಕೆ?

ಉತ್ತರ: ಹಂಚಬಾರದು. ಎರಡಕ್ಕೂ ಅರೆಡೋಸ್ ಆಗುತ್ತದೆ, ಜೊತೆಗೆ ಒಂದರ ರೋಗಾಣು ಇನ್ನೊಂದಕ್ಕೆ ದಾಟುತ್ತದೆ. ಗಡ್ಡೆ ನಿಂತಿತೆಂದರೆ ಉರಿಯೂತ ಇಳಿಯಿತೆಂದಷ್ಟೇ ಅರ್ಥ. ರೋಗಾಣು ಇನ್ನೂ ಇರಬಹುದು. ವೈದ್ಯರು ಬರೆದಷ್ಟು ದಿನ ಹಾಕಿ. ಪೂರ್ತಿ ಹಿಂಡಿ, ತುದಿಗೆ ಆಲ್ಕೋಹಾಲ್ ಒರೆಸಿ, ನಳಿಕೆಯ ತುದಿಯನ್ನಷ್ಟೇ ಮೂರು ನಾಲ್ಕು ಮಿ.ಮೀ. ತೂರಿಸಿ. ಪೂರ್ತಿ ತುರುಕಿದರೆ ಮೊಲೆನಾಳವನ್ನು ಕಾಯುವ ಕೆರಾಟಿನ್ ಎಂಬ ಮೇಣದಂಥ ತಡೆ ಹರಿದು, ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಯೀಸ್ಟ್ ಬಾವು ಹೀಗೂ ಬರುತ್ತದೆ.

ಪ್ರಶ್ನೆ: ಚಿಕಿತ್ಸೆಯ ದಿನಗಳ ಹಾಲನ್ನು ಕಾಯಿಸಿ ಬಳಸಬಹುದೇ? ಕರುವಿಗೆ ಕೊಡಬಹುದೇ?

ಉತ್ತರ: ಕಾಯಿಸಿದರೆ ಔಷಧಿಯ ಅಂಶ ಹೋಗದು. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದಿರುವುದೂ ಅದಕ್ಕೇ, ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ. ಎಷ್ಟು ದಿನ ಡೇರಿಗೆ ಹಾಕಬಾರದೆಂದು ಟ್ಯೂಬಿನ ಲೇಬಲ್ ನೋಡಿ. ಬರೆದಿರದಿದ್ದರೆ 2012ರ ಕೇಂದ್ರ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ. ಔಷಧಿ ಹಾಕಿದ್ದು ಒಂದೇ ಮೊಲೆಗಾದರೂ ನಾಲ್ಕರ ಹಾಲನ್ನೂ ಬಿಡಬೇಕು. ಕರುವಿಗೂ ಬೇಡ: ಅದರ ಕರುಳಿನಲ್ಲಿ ಔಷಧಿಗೆ ಬಗ್ಗದ ಇ. ಕೋಲೈಗಳಷ್ಟೇ ಉಳಿದು ಬೆಳೆಯುತ್ತವೆ, ಸಗಣಿಯ ಮೂಲಕ ಅದೇ ಕೊಟ್ಟಿಗೆಯ ನೆಲಕ್ಕೆ ಬೀಳುತ್ತವೆ.