ಕರುಳಿನ ಆಪರೇಷನ್ ಆದ ಮೇಲೆ ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು ಯಾಕೆ?

ತಂದೆಯವರಿಗೆ ಇಲಿಯೊಸ್ಟಮಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ಹೊರತಂದು ಮಲ ಬ್ಯಾಗಿಗೆ ಬೀಳುವಂತೆ ಮಾಡುವ ಆಪರೇಷನ್) ಆಗಿದೆ, ಹೊಟ್ಟೆಗೆ ಬ್ಯಾಗ್ ಹಾಕಿದ್ದಾರೆ ಅಂದಿರಲ್ವಾ? ಹಾಗಾದರೆ ಬರೀ ನೀರನ್ನೇ ಜಾಸ್ತಿ ಕುಡಿಸಬೇಡಿ. ಸಣ್ಣ ಕರುಳು ಹೀರಿ ಉಳಿದ ನೀರು, ಉಪ್ಪು ಹೀರಿಕೊಳ್ಳುವುದು ದೊಡ್ಡ ಕರುಳು. ಈಗ ಏನೂ ಅಲ್ಲಿಗೆ ತಲುಪುವುದೇ ಇಲ್ಲ. ಬರೀ ನೀರು ಮೈಯೊಳಗಿನ ಉಪ್ಪನ್ನೂ ಎಳೆದುಕೊಂಡು ಬ್ಯಾಗಿಗೆ ಹೋಗುತ್ತದೆ, ಅದಕ್ಕೇ ಬಾಯಿ ಒಣಗುವುದು.

ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ. ಅಳತೆ ತಪ್ಪಬಾರದು. ಗುಟುಕು ಗುಟುಕಾಗಿ ದಿನವಿಡೀ ಕೊಡಿ. ಸಕ್ಕರೆ ಸುಮ್ನೆ ರುಚಿಗಲ್ಲ, ಅದರ ಜೊತೆಗೇ ಕರುಳು ಉಪ್ಪನ್ನು ಚೆನ್ನಾಗಿ ಹೀರುತ್ತದೆ. ಉಪ್ಪು ಹಾಕಿದ ಗಂಜಿ, ಮೊಸರನ್ನ, ಬಾಳೆಹಣ್ಣು ಒಳ್ಳೆಯದು. ತುಂಬಾ ಸಿಹಿಯಾದ ಜ್ಯೂಸ್ ಬೇಡ.

ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಮೂತ್ರ ಕಡಿಮೆಯಾಗಿ ತಲೆ ಸುತ್ತಿದರೆ ದಯವಿಟ್ಟು ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.